ಅಮೆರಿಕದ ಸೊರೊರಿಟಿ ಚಾಪ್ಟರ್‌ಗಳ ಯುವ ಕಾರ್ಯಕ್ರಮಗಳು: ಕನ್ನಡ ಕುಟುಂಬಗಳಿಗೊಂದು ಮಾರ್ಗದರ್ಶಿ

ವಾಷಿಂಗ್ಟನ್ ಡಿ.ಸಿ.ಯ ಸುತ್ತಲಿನ ಮೇರಿಲ್ಯಾಂಡ್ ಮತ್ತು ವರ್ಜೀನಿಯಾ ಉಪನಗರಗಳಲ್ಲಿ, ಅಟ್ಲಾಂಟಾದಲ್ಲಿ, ಡಲ್ಲಾಸ್‌ನಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಹೆಣ್ಣುಮಕ್ಕಳು ಮಿಡ್ಲ್ ಸ್ಕೂಲ್ ಮೆಟ್ಟಿಲು ಹತ್ತುವ ಹೊತ್ತಿಗೆ, ಯಾವುದಾದರೊಂದು ಸೊರೊರಿಟಿಯ (ಕಾಲೇಜು ದಿನಗಳಲ್ಲಿ ಸೇರುವ ಮಹಿಳೆಯರ ಸಂಘದ) ಅಲುಮ್ನಿ ಚಾಪ್ಟರ್, ಅಂದರೆ ಪದವೀಧರ ಸದಸ್ಯೆಯರ ಸ್ಥಳೀಯ ಶಾಖೆ, ನಡೆಸುವ ಯುವ ಕಾರ್ಯಕ್ರಮದ ಕರಪತ್ರ ಶಾಲೆಯಿಂದಲೋ ಸಾರ್ವಜನಿಕ ಗ್ರಂಥಾಲಯದಿಂದಲೋ ಮನೆಗೆ ಬರುವುದುಂಟು. ಸೊರೊರಿಟಿ ಎಂದರೆ ಸಿನಿಮಾಗಳಲ್ಲಿ ತೋರಿಸುವಂತೆ ಕಾಲೇಜು ಹುಡುಗಿಯರ ಮೋಜಿನ ಕೂಟ ಎಂದು ತಿಳಿದ ಪೋಷಕರು ಅದನ್ನು ಓದದೆ ಪಕ್ಕಕ್ಕಿಡುತ್ತಾರೆ. ಇನ್ನು ಕೆಲವರು ಕಾಲೇಜು ಅರ್ಜಿಯಲ್ಲಿ ಬರೆದುಕೊಳ್ಳಲು ಒಂದು ಸಾಲು ಸಿಕ್ಕಿತೆಂದು, ಅದು ಏನು, ಯಾರು ನಡೆಸುತ್ತಾರೆ ಎಂಬುದನ್ನು ವಿಚಾರಿಸದೆ ಮಗಳ ಹೆಸರನ್ನು ಬರೆಸಿಬಿಡುತ್ತಾರೆ. ಇಬ್ಬರೂ ಒಂದಲ್ಲ ಒಂದು ರೀತಿಯಲ್ಲಿ ನಷ್ಟ ಮಾಡಿಕೊಳ್ಳುತ್ತಾರೆ. ಎರಡನೆಯವರು ಬೇರೊಂದು ಮಗುವಿಗೆ ಸಿಗಬಹುದಾಗಿದ್ದ ಸ್ಥಾನವನ್ನೂ ಹಿಡಿದಿರುತ್ತಾರೆ. ಕಾರ್ಯಕ್ರಮವನ್ನು ಗುರುತಿಸುವುದರಿಂದ ಹಿಡಿದು ವರ್ಷದ ಕೊನೆಯ ಕಾಗದಪತ್ರದವರೆಗೆ ಒಂದು ಕುಟುಂಬ ಏನೇನು ಮಾಡಬೇಕು ಎಂಬುದನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ.

ಮೊದಲು ತಿಳಿದಿರಬೇಕಾದದ್ದು

ಇಲ್ಲಿ ಪ್ರಸ್ತಾಪಿಸುತ್ತಿರುವುದು ಆಫ್ರಿಕನ್ ಅಮೆರಿಕನ್ ಮಹಿಳೆಯರು ಕಟ್ಟಿ ಬೆಳೆಸಿದ ನಾಲ್ಕು ಸೊರೊರಿಟಿಗಳನ್ನು. ಆಲ್ಫಾ ಕಾಪಾ ಆಲ್ಫಾ 1908ರಲ್ಲಿ, ಡೆಲ್ಟಾ ಸಿಗ್ಮಾ ಥೀಟಾ 1913ರಲ್ಲಿ, ಜೀಟಾ ಫೈ ಬೀಟಾ 1920ರಲ್ಲಿ ವಾಷಿಂಗ್ಟನ್‌ನ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದವು. ಸಿಗ್ಮಾ ಗಾಮಾ ರೋ 1922ರಲ್ಲಿ ಇಂಡಿಯಾನಾಪೊಲಿಸ್ ನಗರದಲ್ಲಿ ಏಳು ಮಂದಿ ಶಿಕ್ಷಕಿಯರಿಂದ ಆರಂಭವಾಯಿತು. ಈ ನಾಲ್ಕು ಸೊರೊರಿಟಿಗಳೂ ಐದು ಪುರುಷರ ಸಂಘಗಳೂ ಸೇರಿದ ಕೂಟವನ್ನು ಜನ ‘ಡಿವೈನ್ ನೈನ್’ ಎಂದು ಕರೆಯುತ್ತಾರೆ. ಹೋವರ್ಡ್‌ನಲ್ಲಿ ಓದುವಾಗ ಆಲ್ಫಾ ಕಾಪಾ ಆಲ್ಫಾ ಸೇರಿದ ಕಮಲಾ ಹ್ಯಾರಿಸ್ ಅವರಿಂದಾಗಿ ನಮ್ಮಲ್ಲಿ ಅನೇಕರು ಈ ಹೆಸರುಗಳನ್ನು ಕೇಳಿದ್ದಾರೆ.

ಕಾಲೇಜು ಮುಗಿದ ಮೇಲೆ ಈ ಸದಸ್ಯತ್ವ ಮುಗಿಯುವುದಿಲ್ಲ; ಅದು ಜೀವನಪೂರ್ತಿ ಉಳಿಯುವಂಥದ್ದು. ಪದವಿ ಪಡೆದು ಉದ್ಯೋಗದಲ್ಲಿರುವ, ಮಕ್ಕಳನ್ನು ಬೆಳೆಸುತ್ತಿರುವ, ನಿವೃತ್ತರಾದ ಸದಸ್ಯೆಯರು ತಾವಿರುವ ಊರಿನ ಶಾಖೆಯಲ್ಲಿ ಕೆಲಸ ಮುಂದುವರಿಸುತ್ತಾರೆ. ಡೆಲ್ಟಾದವರು ಅದನ್ನು ಅಲುಮ್ನಿ ಚಾಪ್ಟರ್ ಎಂದೂ, ಆಲ್ಫಾ ಕಾಪಾ ಆಲ್ಫಾ ಮತ್ತು ಜೀಟಾದವರು ಗ್ರ್ಯಾಜುಯೇಟ್ ಚಾಪ್ಟರ್ ಎಂದೂ ಕರೆಯುವುದರಿಂದ ಹುಡುಕುವಾಗ ಎರಡೂ ಹೆಸರುಗಳನ್ನು ಬಳಸಬೇಕು. ಶಾಲಾ ಪ್ರಾಂಶುಪಾಲೆ, ದಾದಿ, ವಕೀಲೆ, ಎಂಜಿನಿಯರ್, ಸರ್ಕಾರಿ ಅಧಿಕಾರಿ, ಹೀಗೆ ನಾನಾ ವೃತ್ತಿಯವರು ಸಂಬಳವಿಲ್ಲದೆ ವಾರಾಂತ್ಯದ ಬಿಡುವನ್ನು ಮಕ್ಕಳಿಗಾಗಿ ಮೀಸಲಿಟ್ಟು ನಡೆಸುವ ಕೆಲಸ ಇದು. ಹಣ ಕೊಟ್ಟು ಸೇರುವ ಕೋಚಿಂಗ್ ತರಗತಿಯಿಂದ ನಿರೀಕ್ಷಿಸುವುದನ್ನು ಇವರಿಂದ ನಿರೀಕ್ಷಿಸಬಾರದು.

ಸೇವೆಯ ಹಿಂದೆ ಇತಿಹಾಸವೂ ಇದೆ. 22 ಮಂದಿ ವಿದ್ಯಾರ್ಥಿನಿಯರು 1913ರ ಜನವರಿ 13ರಂದು ಸ್ಥಾಪಿಸಿದ ಡೆಲ್ಟಾದ ಮೊದಲ ಸಾರ್ವಜನಿಕ ಕಾರ್ಯವೆಂದರೆ ಅದೇ ವರ್ಷದ ಮಾರ್ಚ್ 3ರಂದು ವಾಷಿಂಗ್ಟನ್‌ನಲ್ಲಿ ನಡೆದ ಮಹಿಳಾ ಮತದಾನದ ಹಕ್ಕಿನ ಮೆರವಣಿಗೆಯಲ್ಲಿ ಪಾಲ್ಗೊಂಡದ್ದು. ಕಪ್ಪು ಮಹಿಳೆಯರು ತಮ್ಮೊಡನೆ ನಡೆಯುವುದನ್ನೇ ಒಪ್ಪದ ಬಿಳಿಯ ಮಹಿಳೆಯರಿದ್ದ ಮೆರವಣಿಗೆ ಅದು. ಆಲ್ಫಾ ಕಾಪಾ ಆಲ್ಫಾದವರು 1930ರ ದಶಕದ ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಮಿಸಿಸಿಪಿಯ ಬಡ ಹಳ್ಳಿಗಳಿಗೆ ಬೇಸಿಗೆಯಲ್ಲಿ ವೈದ್ಯರನ್ನೂ ದಾದಿಯರನ್ನೂ ಕರೆದೊಯ್ದು ಮಕ್ಕಳಿಗೆ ಲಸಿಕೆ ಹಾಕಿಸಿದರು. ಜೀಟಾದವರು 1972ರಿಂದ, ತಾಯಿ ಮತ್ತು ಶಿಶುಗಳ ಆರೋಗ್ಯಕ್ಕಾಗಿ ದುಡಿಯುವ ಮಾರ್ಚ್ ಆಫ್ ಡೈಮ್ಸ್ ಸಂಸ್ಥೆಯ ಜೊತೆ ‘ಸ್ಟಾರ್ಕ್ಸ್ ನೆಸ್ಟ್’ ನಡೆಸುತ್ತಾ ಬಂದಿದ್ದಾರೆ. ಗರ್ಭಿಣಿಯರು ತಪಾಸಣೆಗೂ ಆರೋಗ್ಯ ತರಗತಿಗಳಿಗೂ ತಪ್ಪದೆ ಬಂದರೆ ಅದಕ್ಕೆ ಪ್ರತಿಯಾಗಿ ಮಗುವಿಗೆ ಬೇಕಾದ ವಸ್ತುಗಳನ್ನು ಪಡೆಯುವ ವ್ಯವಸ್ಥೆ ಅದು. ಮಗಳನ್ನು ಸೇರಿಸುವ ಮುನ್ನ ಇಷ್ಟನ್ನಾದರೂ ಅವಳೊಡನೆ ಕುಳಿತು ಓದಬೇಕು, ಏಕೆಂದರೆ ಕಾರ್ಯಕ್ರಮದ ಪಾಠಗಳೆಲ್ಲ ಈ ಇತಿಹಾಸ ಮಕ್ಕಳಿಗೆ ಗೊತ್ತಿದೆ ಎಂದುಕೊಂಡೇ ಸಾಗುತ್ತವೆ.

ವಯಸ್ಸಿಗೆ ತಕ್ಕ ಕಾರ್ಯಕ್ರಮವನ್ನು ಆರಿಸುವುದು

ಡೆಲ್ಟಾದಲ್ಲಿ ಮೂರು ಮುಖ್ಯ ಯುವ ಕಾರ್ಯಕ್ರಮಗಳಿದ್ದು, ದೇಶದ ಬೇರೆ ಬೇರೆ ಊರುಗಳ ಚಾಪ್ಟರ್‌ಗಳು ಅವನ್ನು ಒಂದೇ ಹೆಸರಿನಲ್ಲಿ ನಡೆಸುತ್ತವೆ. 11ರಿಂದ 14 ವರ್ಷದ ಹುಡುಗಿಯರಿಗೆ ‘ಡಾ. ಬೆಟ್ಟಿ ಶಬಾಜ್ ಡೆಲ್ಟಾ ಅಕಾಡೆಮಿ’ ಇದೆ. 1996ರಲ್ಲಿ ಆರಂಭವಾದ ಈ ಅಕಾಡೆಮಿ ಗಣಿತ, ವಿಜ್ಞಾನ, ತಂತ್ರಜ್ಞಾನಗಳ ಕಡೆಗೆ ಹುಡುಗಿಯರನ್ನು ಸೆಳೆಯುವುದರ ಜೊತೆಗೆ ಸೇವೆಯ ಮೂಲಕ ನಾಯಕತ್ವವನ್ನು ಕಲಿಸುತ್ತದೆ. 1965ರಲ್ಲಿ ಪತಿ, ಕಪ್ಪು ಜನರ ಹಕ್ಕುಗಳ ಹೋರಾಟಗಾರ ಮಾಲ್ಕಂ ಎಕ್ಸ್ ಹತ್ಯೆಯಾದ ಬಳಿಕ ಆರು ಹೆಣ್ಣುಮಕ್ಕಳನ್ನು ಒಬ್ಬರೇ ಬೆಳೆಸುತ್ತಾ, ಡಾಕ್ಟರೇಟ್ ಪಡೆದು ನ್ಯೂಯಾರ್ಕಿನ ಮೆಡ್ಗರ್ ಎವರ್ಸ್ ಕಾಲೇಜಿನಲ್ಲಿ ದುಡಿದ ಬೆಟ್ಟಿ ಶಬಾಜ್ ಸ್ವತಃ ಡೆಲ್ಟಾ ಸದಸ್ಯೆಯಾಗಿದ್ದರು; 1997ರಲ್ಲಿ ತೀರಿಕೊಂಡ ಅವರ ನೆನಪಿಗೆ ಅಕಾಡೆಮಿಗೆ ಅವರ ಹೆಸರಿಡಲಾಗಿದೆ.

14ರಿಂದ 18 ವರ್ಷದವರಿಗೆ ‘ಡೆಲ್ಟಾ ಜೆಮ್ಸ್’. ಓದು, ಸಹೋದರಿತ್ವ, ಹಣಕಾಸಿನ ತಿಳಿವಳಿಕೆ, ಸೇವೆ, ತನ್ನನ್ನು ತಾನು ಪೂರ್ಣವಾಗಿ ಕಂಡುಕೊಳ್ಳುವುದು ಎಂಬ ಐದು ಭಾಗಗಳು ಇದರಲ್ಲಿವೆ. ನನ್ನ ಅಭಿಪ್ರಾಯದಲ್ಲಿ ನಮ್ಮ ಮಕ್ಕಳಿಗೆ ಅತ್ಯಂತ ಉಪಯುಕ್ತವಾದದ್ದು ಹಣಕಾಸಿನ ಭಾಗ. ನಮ್ಮ ಮನೆಗಳಲ್ಲಿ ಹುಡುಗಿಯ ಗಣಿತಕ್ಕೆ ಕೊಡುವ ಗಮನದ ಹತ್ತರಲ್ಲೊಂದು ಪಾಲನ್ನೂ ಅವಳ ಕ್ರೆಡಿಟ್ ಕಾರ್ಡ್, ಶಿಕ್ಷಣ ಸಾಲ, ಉಳಿತಾಯ ಮುಂತಾದ ವಿಷಯಗಳಿಗೆ ಕೊಡುವುದಿಲ್ಲ. ಅವೆಲ್ಲ ಅಪ್ಪನ ಲ್ಯಾಪ್‌ಟಾಪಿನೊಳಗಿನ ವ್ಯವಹಾರವಾಗಿ ಉಳಿದುಬಿಡುತ್ತವೆ. 13ರಿಂದ 17 ವರ್ಷದ ಹುಡುಗರಿಗೆ ‘ಎಂಬಾಡಿ’ ಎಂಬ ಕಾರ್ಯಕ್ರಮವಿದೆ. ಸೊರೊರಿಟಿ ಎಂದೊಡನೆ ಹುಡುಗರಿಗೆ ಅಲ್ಲಿ ಕೆಲಸವಿಲ್ಲ ಎಂದು ತೀರ್ಮಾನಿಸುವ ಅಗತ್ಯವಿಲ್ಲ.

ಉಳಿದ ಸೊರೊರಿಟಿಗಳಲ್ಲಿ ವ್ಯವಸ್ಥೆ ಬೇರೆ. ಜೀಟಾದಲ್ಲಿ ವಯಸ್ಸಿಗೆ ಅನುಗುಣವಾಗಿ ಪರ್ಲೆಟ್, ಅಮಿಸೆಟ್, ಆರ್ಕೊನೆಟ್ ಎಂಬ ಬಾಲಕಿಯರ ಗುಂಪುಗಳಿವೆ. ಸಿಗ್ಮಾ ಗಾಮಾ ರೋದಲ್ಲಿ ರೋಯರ್ ಕ್ಲಬ್ ಇದೆ. ಸಿಗ್ಮಾ ಗಾಮಾ ರೋ ತನ್ನ ಸ್ಥಾಪನೆಯ ವರ್ಷವನ್ನೇ ಹೆಸರಾಗಿಸಿಕೊಂಡು ಯುಎಸ್‌ಎ ಸ್ವಿಮ್ಮಿಂಗ್ ಜೊತೆ ನಡೆಸುವ ‘ಸ್ವಿಮ್ 1922’ ಈಜು ಕಲಿಕೆಗೆ ಮೀಸಲಾದ ಕಾರ್ಯಕ್ರಮ. ಆಲ್ಫಾ ಕಾಪಾ ಆಲ್ಫಾದಲ್ಲಿ ನಾಲ್ಕು ವರ್ಷಕ್ಕೊಮ್ಮೆ ಅಧ್ಯಕ್ಷರು ಬದಲಾದಾಗ ರಾಷ್ಟ್ರಮಟ್ಟದ ಕಾರ್ಯಕ್ರಮಗಳೂ ಅವುಗಳ ಹೆಸರುಗಳೂ ಬದಲಾಗುತ್ತವೆ. 2014ರಿಂದ 2018ರವರೆಗೆ ‘ಅಸೆಂಡ್’ ಎಂದಿದ್ದುದು ಮುಂದಿನ ಅವಧಿಯಲ್ಲಿ ಕಾಲೇಜು ಪ್ರವೇಶಕ್ಕೆ ನೆರವಾಗುವ ‘ಕ್ಯಾಪ್’ ಆಯಿತು. ಆದ್ದರಿಂದ ಹಿರಿಯ ಮಗಳು ಸೇರಿದ್ದ ಕಾರ್ಯಕ್ರಮದ ಹೆಸರು ಹೇಳಿ ಕಿರಿಯವಳಿಗೆ ವಿಚಾರಿಸಿದರೆ ಅದು ಇಲ್ಲ ಎಂಬ ಉತ್ತರ ಬರಬಹುದು. ಈಗ ನಡೆಯುತ್ತಿರುವುದು ಯಾವುದು ಎಂದು ಕೇಳುವುದೇ ಸರಿ.

ಇವೆಲ್ಲ ಮೊದಲಿಗೆ ಆಫ್ರಿಕನ್ ಅಮೆರಿಕನ್ ಮಕ್ಕಳನ್ನು ಮನಸ್ಸಿನಲ್ಲಿಟ್ಟು ರೂಪಿಸಿದವು. ನಿಮ್ಮ ಊರಿನ ಚಾಪ್ಟರ್ ಯಾವ ಶಾಲೆಗಳ, ಯಾವ ಕೌಂಟಿಯ ಮಕ್ಕಳನ್ನು ತೆಗೆದುಕೊಳ್ಳುತ್ತದೆ ಎಂಬುದನ್ನು ಆ ವರ್ಷದ ಅರ್ಜಿಯಲ್ಲೇ ಓದಿ ಖಚಿತಪಡಿಸಿಕೊಳ್ಳಬೇಕು. ಅರ್ಹತೆ ಇದ್ದ ಮಾತ್ರಕ್ಕೆ ಅರ್ಜಿ ಹಾಕಲೇಬೇಕೆಂದಿಲ್ಲ. ಮಗಳ ಗೆಳತಿಯರು ಅಲ್ಲಿದ್ದಾರೆಯೇ, ಅವಳಿಗೇ ಆಸಕ್ತಿ ಇದೆಯೇ, ತನ್ನದಲ್ಲದ ಸಮುದಾಯದ ನಡುವೆ ಕಲಿಯುವವಳಾಗಿ ಕುಳಿತುಕೊಳ್ಳುವ ಮನಸ್ಸಿದೆಯೇ ಎಂಬ ಪ್ರಶ್ನೆಗಳಿಗೆ ಮನೆಯಲ್ಲಿ ಉತ್ತರ ಸಿಕ್ಕ ಮೇಲೆ ಮುಂದುವರಿಯುವುದು ಒಳ್ಳೆಯದು.

ಅರ್ಜಿಯ ಹಂತ

ಸಾಮಾನ್ಯವಾಗಿ ಈ ಕಾರ್ಯಕ್ರಮಗಳು ಶಾಲಾ ವರ್ಷದ ಜೊತೆಗೇ ಸಾಗುತ್ತವೆ. ಬೇಸಿಗೆಯ ಕೊನೆಗೆ ಅರ್ಜಿ ಕರೆದು, ಸೆಪ್ಟೆಂಬರ್ ಅಥವಾ ಅಕ್ಟೋಬರಿನಲ್ಲಿ ಆರಂಭಿಸಿ, ಮೇ ತಿಂಗಳ ಸುಮಾರಿಗೆ ಮುಗಿಸುತ್ತಾರೆ. ತಿಂಗಳಿಗೆ ಒಂದು ಶನಿವಾರ ಕೆಲವು ಗಂಟೆ ಸೇರುವುದು ರೂಢಿ. ಜುಲೈ ಕೊನೆಯಿಂದಲೇ ಚಾಪ್ಟರಿನ ಜಾಲತಾಣವನ್ನು ಗಮನಿಸುತ್ತಿರಬೇಕು. ನಮ್ಮವರಲ್ಲಿ ಅನೇಕರು ಆ ಹೊತ್ತಿಗೆ ಬೆಂಗಳೂರಿಗೋ ಮೈಸೂರಿಗೋ ಹೋಗಿರುತ್ತಾರೆ, ಹಿಂದಿರುಗಿ ಸೂಟ್‌ಕೇಸ್ ಬಿಚ್ಚುವಷ್ಟರಲ್ಲಿ ಗಡುವು ಮುಗಿದಿರುತ್ತದೆ.

ಅರ್ಜಿಯೊಂದಿಗೆ ಅಂಕಪಟ್ಟಿ, ಶಿಕ್ಷಕರ ಶಿಫಾರಸು ಪತ್ರ, ಮಗು ಬರೆದ ಚಿಕ್ಕ ಪ್ರಬಂಧಗಳನ್ನು ಕೇಳಬಹುದು. ಕೆಲವೆಡೆ ಸಂದರ್ಶನವೂ ಇರುತ್ತದೆ. ಪ್ರಬಂಧವನ್ನು ಮಗುವೇ ಬರೆಯಬೇಕು. ಹನ್ನೆರಡು ವರ್ಷದವಳ ಹೆಸರಿನಲ್ಲಿ ನಲವತ್ತರ ತಂದೆ ಬರೆದ ವಾಕ್ಯಗಳನ್ನು ಗುರುತಿಸಲು, ಹತ್ತಾರು ವರ್ಷ ಶಾಲೆಗಳಲ್ಲಿ ಕೆಲಸ ಮಾಡಿದ ಆ ಮಹಿಳೆಯರಿಗೆ ಒಂದು ಪ್ಯಾರಾ ಸಾಕು. ಪೋಷಕರ ಸಭೆಗೆ ಹಾಜರಿ ಕಡ್ಡಾಯವಾಗಿದ್ದರೆ ತಂದೆ ತಾಯಿಯರಲ್ಲಿ ಒಬ್ಬರಾದರೂ ಖುದ್ದಾಗಿ ಹೋಗಲೇಬೇಕು.

ಒಪ್ಪಿಕೊಳ್ಳುವ ಮುನ್ನ ಇಡೀ ವರ್ಷದ ವೇಳಾಪಟ್ಟಿಯನ್ನು ಮನೆಯ ಕ್ಯಾಲೆಂಡರಿನ ಪಕ್ಕದಲ್ಲಿಟ್ಟು ನೋಡಬೇಕು. ಭರತನಾಟ್ಯ, ಕರ್ನಾಟಕ ಸಂಗೀತ, ಕನ್ನಡ ಕಲಿ ತರಗತಿ, ಗಣಿತ ಸ್ಪರ್ಧೆ ಎಲ್ಲವೂ ವಾರಾಂತ್ಯದಲ್ಲೇ ಬರುತ್ತವೆ. ಬಹಳಷ್ಟು ಚಾಪ್ಟರ್‌ಗಳು ಗೈರುಹಾಜರಿಗೆ ಮಿತಿ ಇಟ್ಟಿರುತ್ತವೆ. ರಂಗಪ್ರವೇಶದ ಸಿದ್ಧತೆ ನಡೆಯುತ್ತಿರುವ ವರ್ಷದಲ್ಲಿ ಈ ಹೊಣೆಯನ್ನು ಹೊರದಿರುವುದೇ ವಿವೇಕ. ಮುಂದಿನ ವರ್ಷ ಅರ್ಜಿ ಹಾಕಿದರಾಯಿತು.

ಸುರಕ್ಷತೆಯ ಪ್ರಶ್ನೆಗಳು

ಮಕ್ಕಳೊಡನೆ ಕೆಲಸ ಮಾಡುವ ಸ್ವಯಂಸೇವಕರೆಲ್ಲರ ಪೂರ್ವಾಪರ ಪರಿಶೀಲನೆ ಆಗಿದೆಯೇ, ಒಂದು ಮಗುವಿನ ಜೊತೆ ಒಬ್ಬರೇ ವಯಸ್ಕರು ಇರದಂತೆ ನಿಯಮವಿದೆಯೇ, ಪ್ರವಾಸಕ್ಕೆ ಹೋದಾಗ ವಾಹನ ಯಾರದು, ಫೋಟೋಗಳನ್ನು ಎಲ್ಲಿ ಪ್ರಕಟಿಸುತ್ತಾರೆ ಎಂಬುದನ್ನು ಪೋಷಕರ ಸಭೆಯಲ್ಲಿ ನೇರವಾಗಿ ಕೇಳಬಹುದು. ಇದನ್ನು ಯಾರೂ ಅವಮಾನವೆಂದು ತಿಳಿಯುವುದಿಲ್ಲ. ವೈದ್ಯಕೀಯ ನಮೂನೆಯಲ್ಲಿ ಅಲರ್ಜಿಗಳನ್ನೂ ಆಹಾರದ ನಿರ್ಬಂಧಗಳನ್ನೂ ಬಿಡಿಸಿ ಬರೆಯಬೇಕು. ಸಸ್ಯಾಹಾರಿ ಎಂದಷ್ಟೇ ಬರೆದರೆ ಮೀನು, ಕೋಳಿ ಸಾರಿನಲ್ಲಿ ಬೇಯಿಸಿದ ಅನ್ನ, ಜೆಲಟಿನ್ ಬೆರೆಸಿದ ಸಿಹಿತಿಂಡಿಗಳು ತಟ್ಟೆಗೆ ಬರುವ ಸಾಧ್ಯತೆ ಇದೆ. ಮೊಟ್ಟೆ ತಿನ್ನುತ್ತಾಳೆಯೇ ಇಲ್ಲವೇ ಎಂಬುದನ್ನೂ ಸೇರಿಸಬೇಕು.

ಮಗುವನ್ನು ಕರೆದೊಯ್ಯಲು ಅನುಮತಿ ಇರುವವರ ಪಟ್ಟಿಗೆ, ಊರಿನಿಂದ ಬಂದಿರುವ ಅಜ್ಜ ಅಜ್ಜಿಯರ ಹೆಸರನ್ನು ಪಾಸ್‌ಪೋರ್ಟಿನಲ್ಲಿರುವಂತೆಯೇ ಬರೆಸಬೇಕು. ಭಾವಚಿತ್ರವಿರುವ ಗುರುತಿನ ಚೀಟಿ ತೋರಿಸದೆ ಮಗುವನ್ನು ಕಳುಹಿಸುವುದಿಲ್ಲವಾದ್ದರಿಂದ, ಅವರು ಹೋಗುವ ದಿನ ಪಾಸ್‌ಪೋರ್ಟ್ ಕೈಯಲ್ಲಿರಲಿ. ಮೊಮ್ಮಗಳು ಎದುರಿಗೇ ನಿಂತಿದ್ದರೂ ಕಳುಹಿಸಲಿಲ್ಲವೆಂದು ಅಜ್ಜಿ ಬೇಸರಿಸಿಕೊಂಡರೆ, ಆ ನಿಯಮ ಮೊಮ್ಮಗಳ ರಕ್ಷಣೆಗೇ ಇರುವುದೆಂದು ಸಮಾಧಾನವಾಗಿ ತಿಳಿಸಿಹೇಳಬೇಕಾಗುತ್ತದೆ.

ಸೇರಿದ ಮೇಲೆ ನಡೆದುಕೊಳ್ಳುವ ರೀತಿ

ಯುವ ಕಾರ್ಯಕ್ರಮಕ್ಕೆ ಸೇರಿದ ಹುಡುಗಿ ಸೊರೊರಿಟಿಯ ಸದಸ್ಯೆಯಾಗುವುದಿಲ್ಲ, ಮುಂದೆ ಸದಸ್ಯೆಯಾಗುವ ಭರವಸೆಯೂ ಇದರಲ್ಲಿಲ್ಲ. ಈ ಭೇದವನ್ನು ಆರಂಭದಲ್ಲೇ ಮನದಟ್ಟು ಮಾಡಿಸಬೇಕು. ಸೊರೊರಿಟಿಯ ಹೆಸರಿನ ಗ್ರೀಕ್ ಅಕ್ಷರಗಳಿರುವ ಅಂಗಿ ತೊಡುವುದು, ಸದಸ್ಯೆಯರ ಕೈಸನ್ನೆಗಳನ್ನೂ ಕೂಗನ್ನೂ ಅನುಕರಿಸುವುದು, ಹೆಜ್ಜೆ, ಚಪ್ಪಾಳೆಗಳ ಲಯದ ಅವರ ಸ್ಟೆಪ್ ಕುಣಿತವನ್ನು ವಿಡಿಯೊ ಮಾಡಿ ಹಂಚುವುದು ಸಲ್ಲದು. ಸದಸ್ಯೆಯರು ತಮ್ಮೊಳಗೆ ಒಬ್ಬರನ್ನೊಬ್ಬರು ‘ಸೊರೊರ್’ ಎಂದು ಕರೆದುಕೊಳ್ಳುತ್ತಾರೆ; ಆ ಸಂಬೋಧನೆ ಹೊರಗಿನವರಿಗಲ್ಲ. ನಮ್ಮ ಮಕ್ಕಳು ರೂಢಿಯಂತೆ ‘ಆಂಟಿ’ ಎನ್ನಲು ಹೋಗುತ್ತಾರೆ. ಹೆಸರಿನ ಮುಂದೆ ‘ಮಿಸ್’ ಸೇರಿಸಿ ಕರೆಯುವುದು ಅಲ್ಲಿಯ ಗೌರವದ ರೀತಿ. ಅವರಾಗಿಯೇ ಬೇರೆ ರೀತಿ ಸೂಚಿಸಿದರೆ ಹಾಗೆಯೇ ಕರೆಯಲಿ.

ಪೋಷಕರಿಗೂ ಇಲ್ಲಿ ಕೆಲಸವಿದೆ. ಚಳಿಗಾಲದ ಕೋಟುಗಳ ಸಂಗ್ರಹ, ಆಹಾರ ಬ್ಯಾಂಕಿಗೆ ದವಸ ವಿಂಗಡಿಸುವುದು, ಶಾಲಾ ಚೀಲಗಳನ್ನು ತುಂಬುವುದು, ಜನವರಿಯ ಮೂರನೆಯ ಸೋಮವಾರ ಬರುವ ಮಾರ್ಟಿನ್ ಲೂಥರ್ ಕಿಂಗ್ ದಿನದ ಸೇವಾಕಾರ್ಯ, ಇವುಗಳಿಗೆ ಕೈಗಳು ಬೇಕಾಗಿರುತ್ತವೆ. 1994ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಆ ರಜೆಯನ್ನು ರಾಷ್ಟ್ರೀಯ ಸೇವಾದಿನವನ್ನಾಗಿಯೂ ಮಾಡಿತು. ಬಹುಪಾಲು ಚಾಪ್ಟರ್‌ಗಳು ಅಂದು ಮನೆಯಲ್ಲಿ ಕೂರುವುದಿಲ್ಲ. ಮಗಳನ್ನು ಬಾಗಿಲಲ್ಲಿ ಇಳಿಸಿ ಕಾಸ್ಟ್‌ಕೋಗೆ ಹೋಗುವ ಬದಲು ವರ್ಷದಲ್ಲಿ ಕೆಲವು ಸಲವಾದರೂ ಕಾರು ನಿಲ್ಲಿಸಿ ಒಳಗೆ ಬಂದು ಪೆಟ್ಟಿಗೆ ಎತ್ತುವ ತಂದೆಯನ್ನು ಅವರು ಬೇಗ ಗುರುತಿಟ್ಟುಕೊಳ್ಳುತ್ತಾರೆ. ಅವಲಂಬಿತ ವೀಸಾದಲ್ಲಿದ್ದು ಉದ್ಯೋಗಕ್ಕೆ ಅನುಮತಿ ಇಲ್ಲದವರು ಇಂಥ ಸಂಬಳವಿಲ್ಲದ ಸೇವೆ ಮಾಡಬಹುದು. ಆದರೆ ಬೇರೆಯವರಿಗೆ ಸಂಬಳ ಕೊಟ್ಟು ಮಾಡಿಸುವ ಕೆಲಸವನ್ನು ಸೇವೆಯ ಹೆಸರಿನಲ್ಲಿ ಮಾಡುವಂತಿಲ್ಲ.

ಮತದಾರರ ನೋಂದಣಿಯ ದಿನ: ವಿಶೇಷ ಎಚ್ಚರಿಕೆ

ರಾಜಕೀಯ ಜಾಗೃತಿ ಡೆಲ್ಟಾದ ಐದು ಕಾರ್ಯಕ್ಷೇತ್ರಗಳಲ್ಲಿ ಒಂದು. ಉಳಿದವು ಆರ್ಥಿಕ ಅಭಿವೃದ್ಧಿ, ಶಿಕ್ಷಣ, ಅಂತರರಾಷ್ಟ್ರೀಯ ಅರಿವು, ದೈಹಿಕ ಮತ್ತು ಮಾನಸಿಕ ಆರೋಗ್ಯ. ಹೀಗಾಗಿ ಮತದಾರರ ನೋಂದಣಿ ಶಿಬಿರಗಳು ವರ್ಷದಲ್ಲಿ ಒಮ್ಮೆಯಾದರೂ ಬಂದೇ ಬರುತ್ತವೆ. ಎಚ್1ಬಿ (ಉದ್ಯೋಗ), ಎಚ್4 (ಅವಲಂಬಿತ) ವೀಸಾದಲ್ಲಿರುವವರೂ ಗ್ರೀನ್ ಕಾರ್ಡ್ ಹೊಂದಿರುವವರೂ ನೋಂದಣಿ ಅರ್ಜಿಯನ್ನು ತಮಗಾಗಿ ಯಾವ ಕಾರಣಕ್ಕೂ ತುಂಬಬಾರದು. ಮೇಜಿನ ಬಳಿ ನಿಂತವರು ನಗುಮುಖದಿಂದ ಕಾಗದ ಮುಂದೆ ಚಾಚಿದಾಗ ಬೇಡವೆನ್ನಲು ಸಂಕೋಚಪಟ್ಟು ಸಹಿ ಹಾಕಿದರೆ, ಅಮೆರಿಕದ ಪ್ರಜೆ ಎಂದು ಸುಳ್ಳು ಹೇಳಿದಂತಾಗಿ ಮುಂದೆ ಪೌರತ್ವಕ್ಕೂ ಇಲ್ಲಿ ಉಳಿಯುವ ಹಕ್ಕಿಗೂ ಕುತ್ತು ಬರಬಹುದು. ತಾನು ಪ್ರಜೆಯಲ್ಲ ಎಂದು ಹೇಳಿದರೆ ಅಲ್ಲಿಗೆ ಮಾತು ಮುಗಿಯಿತು.

ಅಮೆರಿಕದಲ್ಲಿ ಹುಟ್ಟಿದ ಮಕ್ಕಳ ವಿಷಯ ಬೇರೆ. ಮೇರಿಲ್ಯಾಂಡಿನಂಥ ರಾಜ್ಯಗಳಲ್ಲಿ ಪ್ರಜೆಗಳಾದವರು 16ನೆಯ ವಯಸ್ಸಿನಲ್ಲೇ ಮುಂಗಡ ನೋಂದಣಿ ಮಾಡಿಕೊಳ್ಳಬಹುದು. ಒಂದೇ ಮನೆಯಲ್ಲಿ ಮಗಳು ಪ್ರಜೆಯಾಗಿದ್ದು ಅಪ್ಪ ಅಮ್ಮ ಹಸಿರು ಚೀಟಿಯ ಸರದಿಯಲ್ಲಿರುವುದು ನಮ್ಮಲ್ಲಿ ಸಾಮಾನ್ಯವಾದ್ದರಿಂದ, ಯಾರು ಏನು ಮಾಡಬಹುದು ಎಂಬುದನ್ನು ಹೊರಡುವ ಮುನ್ನವೇ ಮಾತಾಡಿಕೊಂಡಿರಬೇಕು. ಬೇರೆಯವರ ಅರ್ಜಿಗಳನ್ನು ಪ್ರಜೆಗಳಲ್ಲದವರು ಸಂಗ್ರಹಿಸುವ ಬಗ್ಗೆ ಎಲ್ಲ ರಾಜ್ಯಗಳ ನಿಯಮ ಒಂದೇ ಅಲ್ಲ. ಸಂಚಾಲಕರನ್ನು ಕೇಳಿ, ನೀರು ಹಂಚುವುದೋ ಕುರ್ಚಿ ಜೋಡಿಸುವುದೋ ಬೇರೆ ಕೆಲಸ ವಹಿಸಿಕೊಳ್ಳುವುದು ಕ್ಷೇಮ.

ಸೇವಾ ಗಂಟೆಗಳು ಮತ್ತು ಹಣ

ಮೇರಿಲ್ಯಾಂಡಿನಲ್ಲಿ ಹೈಸ್ಕೂಲ್ ಮುಗಿಸಲು 75 ಗಂಟೆಗಳ ಸೇವಾ ಕಲಿಕೆ ಅಗತ್ಯ, ಮತ್ತು ಅದನ್ನು ಲೆಕ್ಕ ಹಾಕುವ ಕ್ರಮವನ್ನು ಆಯಾ ಕೌಂಟಿಯ ಶಾಲಾ ಆಡಳಿತ ರೂಪಿಸಿಕೊಂಡಿದೆ. ಕಾರ್ಯಕ್ರಮಕ್ಕೆ ಹಾಜರಾದ ಗಂಟೆಗಳೆಲ್ಲ ಸೇವೆಯ ಗಂಟೆಗಳಲ್ಲ. ಆಹಾರ ಬ್ಯಾಂಕಿನಲ್ಲಿ ದುಡಿದದ್ದು ಸೇವೆ. ಉಡುಗೆ ತೊಡುಗೆಯ ಬಗ್ಗೆ ಉಪನ್ಯಾಸ ಕೇಳಿದ್ದು ಸೇವೆಯಲ್ಲ. ಪ್ರತಿ ಸೇವಾಕಾರ್ಯಕ್ಕೆ ಹೋಗುವ ಮೊದಲೇ ಶಾಲೆಯ ಸಂಯೋಜಕರು ಅದನ್ನು ಒಪ್ಪುತ್ತಾರೆಯೇ ಎಂದು ವಿಚಾರಿಸಿ, ಮುಗಿದ ದಿನವೇ ನಮೂನೆಗೆ ಸಹಿ ಹಾಕಿಸಿಕೊಳ್ಳಬೇಕು. ಆರು ತಿಂಗಳ ಬಳಿಕ ಸಹಿಗಾಗಿ ಸ್ವಯಂಸೇವಕಿಯೊಬ್ಬರನ್ನು ಹುಡುಕಿಕೊಂಡು ಹೋಗುವುದು ಇಬ್ಬರಿಗೂ ಕಷ್ಟ.

ದೇಣಿಗೆ ಕೊಡುವವರು ತೆರಿಗೆಯ ಒಂದು ಸೂಕ್ಷ್ಮವನ್ನು ತಿಳಿದಿರಬೇಕು. ಡೆಲ್ಟಾದಂಥ ಸೊರೊರಿಟಿಗಳು ತೆರಿಗೆ ಕಾನೂನಿನ 501(ಸಿ)(7) ವರ್ಗಕ್ಕೆ ಸೇರಿದವು. ಅವುಗಳಿಗೆ ಕೊಟ್ಟ ಹಣಕ್ಕೆ ತೆರಿಗೆ ವಿನಾಯಿತಿ ಇರುವುದಿಲ್ಲ. ಅದಕ್ಕೆಂದೇ ಅನೇಕ ಚಾಪ್ಟರ್‌ಗಳು ವಿದ್ಯಾರ್ಥಿವೇತನ ಮತ್ತು ಸೇವಾಕಾರ್ಯಗಳಿಗಾಗಿ 501(ಸಿ)(3) ವರ್ಗದ ಪ್ರತ್ಯೇಕ ಪ್ರತಿಷ್ಠಾನವನ್ನು ಸ್ಥಾಪಿಸಿಕೊಂಡಿವೆ. ಚೆಕ್ಕನ್ನು ಯಾರ ಹೆಸರಿಗೆ ಬರೆಯುತ್ತಿದ್ದೀರಿ ಎಂದು ನೋಡಿ, ಆ ಹೆಸರನ್ನು ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್‌ನ ಜಾಲತಾಣದ ಹುಡುಕುಪಟ್ಟಿಯಲ್ಲಿ ಪರಿಶೀಲಿಸಿದರೆ ಸಾಕು. ಉದ್ಯೋಗದಾತರಿಂದ ಸಮಪಾಲು ದೇಣಿಗೆ ಕೊಡಿಸುವವರಿಗೂ ಬಹುತೇಕ ಇದೇ ವರ್ಗದ ಸಂಸ್ಥೆ ಬೇಕಾಗುತ್ತದೆ.

ಕೆಲವು ಚಾಪ್ಟರ್‌ಗಳು ಹೈಸ್ಕೂಲಿನ ಹುಡುಗಿಯರಿಗಾಗಿ ಕೊಟಿಲಿಯನ್ ಎಂಬ ಔಪಚಾರಿಕ ಸಮಾರಂಭವನ್ನೋ, ಡೆಲ್ಟಾದಲ್ಲಿ 1925ರಿಂದ ನಡೆದುಬಂದಿರುವ ಜಾಬರ್‌ವಾಕ್ ಎಂಬ ನಿಧಿಸಂಗ್ರಹ ಕಾರ್ಯಕ್ರಮವನ್ನೋ ಏರ್ಪಡಿಸುತ್ತವೆ. ಇವು ಯುವ ಕಾರ್ಯಕ್ರಮಕ್ಕಿಂತ ಭಿನ್ನ. ಟಿಕೆಟ್ ಮಾರುವುದು, ಸ್ಮರಣಸಂಚಿಕೆಗೆ ಜಾಹೀರಾತು ತರುವುದು, ಉಡುಪು, ಅಭ್ಯಾಸ ಎಲ್ಲ ಸೇರಿ ಹಣವೂ ಸಮಯವೂ ಸಾಕಷ್ಟು ಖರ್ಚಾಗುತ್ತವೆ; ಮೊತ್ತವನ್ನು ಬರವಣಿಗೆಯಲ್ಲಿ ಪಡೆದ ಮೇಲೆಯೇ ಒಪ್ಪಿಕೊಳ್ಳಿ.

ಕನ್ನಡ ಸಂಘಗಳು ಜೊತೆಗೂಡುವುದಾದರೆ

ವಾಷಿಂಗ್ಟನ್ ಪ್ರದೇಶದ ಕಾವೇರಿಯಂಥ ಕನ್ನಡ ಸಂಘಗಳು ಚಾಪ್ಟರ್ ಒಂದರ ಜೊತೆ ಸೇರಿ ಕೆಲಸ ಮಾಡಬಯಸಿದರೆ, ಸಾಂಸ್ಕೃತಿಕ ವಿನಿಮಯದ ದೊಡ್ಡ ಸಮಾರಂಭದಿಂದ ಆರಂಭಿಸದಿರುವುದು ಲೇಸು. ಅವರು ಈಗಾಗಲೇ ಮಾಡುತ್ತಿರುವ ಒಂದು ಸಣ್ಣ ಕೆಲಸಕ್ಕೆ ನಮ್ಮಿಂದ ಏನು ಬೇಕೆಂದು ಕೇಳಿ, ಅದನ್ನು ಹೇಳಿದ ದಿನಕ್ಕೆ ಹೇಳಿದಷ್ಟು ಪೂರೈಸಬೇಕು. ಅಕಾಡೆಮಿಯ ವಿಜ್ಞಾನದ ಶನಿವಾರಕ್ಕೆ ಒಬ್ಬ ಸಂಶೋಧಕಿಯನ್ನೋ ಸಾಫ್ಟ್‌ವೇರ್ ಎಂಜಿನಿಯರನ್ನೋ ಕಳುಹಿಸುವುದು ನಮ್ಮವರಿಗೆ ಸುಲಭ. ಪತ್ರವನ್ನು ಚಾಪ್ಟರಿನ ಅಧಿಕೃತ ವಿಳಾಸಕ್ಕೆ ವರ್ಷದ ಯೋಜನೆ ಸಿದ್ಧವಾಗುವ ಮುಂಚೆ, ಬೇಸಿಗೆಯಲ್ಲೇ ಬರೆಯಬೇಕು. ಅವರ ನಿರ್ಣಯಗಳು ಸಾಮಾನ್ಯವಾಗಿ ತಿಂಗಳ ಸಭೆಯಲ್ಲಿ ಆಗುವುದರಿಂದ ಉತ್ತರ ತಡವಾದರೆ ಅದನ್ನು ಉದಾಸೀನವೆಂದು ತಿಳಿಯಬಾರದು. ಲಿಖಿತ ಒಪ್ಪಿಗೆಯಿಲ್ಲದೆ ಅವರ ಲಾಂಛನವನ್ನೋ ಗ್ರೀಕ್ ಅಕ್ಷರಗಳನ್ನೋ ನಮ್ಮ ಕರಪತ್ರದಲ್ಲಿ ಅಚ್ಚು ಹಾಕಬಾರದು.

ವರ್ಷದ ಕೊನೆಗೆ

ಮೇ ತಿಂಗಳಲ್ಲಿ ಸಮಾರೋಪ ಮುಗಿದ ಮೇಲೆ ಪ್ರಮಾಣಪತ್ರ, ಸೇವಾ ಗಂಟೆಗಳ ಸಹಿ ಮಾಡಿದ ಪ್ರತಿ, ಭಾಗವಹಿಸಿದ ಕಾರ್ಯಗಳ ದಿನಾಂಕಗಳನ್ನು ಒಂದೇ ಕಡೆ ಇಟ್ಟುಕೊಳ್ಳಬೇಕು. ಈ ವರ್ಷ ಇದ್ದವರಿಗೆ ಮುಂದಿನ ವರ್ಷ ಸ್ಥಾನ ತಾನಾಗಿಯೇ ಸಿಗುತ್ತದೆಂದು ತಿಳಿಯದೆ, ಮರು ಅರ್ಜಿ ಹಾಕಬೇಕೇ ಎಂದು ಕೇಳಬೇಕು. 14 ತುಂಬಿದವಳು ಅಕಾಡೆಮಿಯಿಂದ ಜೆಮ್ಸ್‌ಗೆ ಹೋಗುವಾಗ ಅದು ಹೊಸ ಅರ್ಜಿಯೇ ಆಗಿರಬಹುದು. ಹನ್ನೆರಡನೆಯ ತರಗತಿಗೆ ಬಂದವರು ಚಾಪ್ಟರಿನ ವಿದ್ಯಾರ್ಥಿವೇತನದ ಪ್ರಕಟಣೆಯನ್ನು ಚಳಿಗಾಲದ ಆರಂಭದಿಂದಲೇ ಗಮನಿಸಿ, ವಾಸಸ್ಥಳ, ಪೌರತ್ವ, ಯಾವ ಬಗೆಯ ಕಾಲೇಜು ಎಂಬ ಷರತ್ತುಗಳನ್ನು ಓದಬೇಕು. ಸರ್ಕಾರದ ಆರ್ಥಿಕ ನೆರವಿನ ಫಾಫ್ಸಾ ಅರ್ಜಿಯ ಪ್ರತಿಯನ್ನು ಕೇಳಿದ್ದರೆ ಅದನ್ನೂ ಸಿದ್ಧಪಡಿಸಿಕೊಳ್ಳಬೇಕು. ಗ್ರೀನ್ ಕಾರ್ಡ್ ಇರುವ ಮಕ್ಕಳು ಆ ನೆರವಿಗೆ ಅರ್ಹರು, ಎಚ್4 ವೀಸಾದಲ್ಲಿರುವವರು ಅರ್ಹರಲ್ಲ. ಅಂಥವರು ಫಾಫ್ಸಾದ ಬದಲು ಬೇರೆ ಯಾವ ದಾಖಲೆ ಕೊಡಬಹುದೆಂದು ವಿದ್ಯಾರ್ಥಿವೇತನ ಸಮಿತಿಗೆ ಗಡುವಿಗೆ ಸಾಕಷ್ಟು ಮುಂಚೆಯೇ ಬರೆದು ಕೇಳಬೇಕು.